ಅವ್ವನ ಪಾಲಿನ ಕೊಡ

ಡೊಂಬಿವಲಿ
5 ಜನವರಿ 1995

ಮಗಳು ಸುಲೋಚನಾಗೆ,

ನಿನ್ನ ಅಪ್ಪ ಬರೆಯುವುದು. ನಾನು ಗಟ್ಟಿಯಾಗಿದ್ದೇನೆ. ನೀನೂ ಹಾಗೆಯೇ ಇದ್ದೀ ಎಂದು ತಿಳಿದು ಮುಂದಿನ ಮಾತಿಗೆ ಬರುತ್ತೇನೆ. ಏಳನೆಯ ಇಯತ್ತೆಯವನು ಪೆನ್ನು ಹಿಡಿದರೆ ಶಾಲೆಯ ಪುಸ್ತಕದ ಭಾಷೆಯೇ ಬರುತ್ತದೆ, ಓದಿ ನಗಬೇಡ.

ಮೊನ್ನೆ ಎಳ್ಳ ಅಮಾವಾಸ್ಯೆಯಾಯಿತು. ನಿನ್ನ ಅವ್ವ ಇಲ್ಲದ ಮೊದಲನೆಯ ಅಮಾವಾಸ್ಯೆ. ಸಿಂದಗಿ ಕಡೆ ನಮಗೆ ಗೇಣು ಹೊಲ ಇರಲಿಲ್ಲ. ಮಂದಿಯ ಹೊಲದಲ್ಲಿ ದುಡಿದು, ಮಂದಿಯ ಹೊಲದಲ್ಲೇ ಭೂಮಿತಾಯಿಗೆ ಚರಗ ಚೆಲ್ಲಿ, ಉಂಡು ಬರುತ್ತಿದ್ದೆವು. ಇಲ್ಲಿಗೆ ಬಂದು ನನಗೆ ಪಾಲಿಕೆಯ ಗಾರ್ಡನ್ನಿನಲ್ಲಿ ಮಾಳಿಯ ಕೆಲಸ ಸಿಕ್ಕ ವರ್ಷವೇ ನಿನ್ನ ಅವ್ವ ದಾನಮ್ಮ ಸಜ್ಜೆ ರೊಟ್ಟಿ, ಕಡುಬು, ಪಲ್ಯ ಬುಟ್ಟಿಯಲ್ಲಿ ಕಟ್ಟಿಕೊಂಡು ಗೇಟಿನೊಳಗೆ ಬಂದು, "ಇನ್ನ ಮ್ಯಾಲ ಇದ ನಮ್ಮ ಹೊಲ ಅಂತ ತಿಳೀರಿ" ಎಂದಿದ್ದಳು. ಮೂಲೆಯ ಬನ್ನಿ ಗಿಡವೂ ಅವಳು ಊರಿನಿಂದ ತಂದು ಹಚ್ಚಿದ್ದು. ಪ್ರತಿ ವರ್ಷ ಅದರ ಬುಡಕ್ಕೆ ಪಾಂಡವರೆಂದು ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿ, ಅವಳು ಮುಂದೆ ಅನ್ನ, ರೊಟ್ಟಿಯ ಚೂರು ಚೆಲ್ಲುತ್ತ ಹೋದರೆ ನಾನು ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಹೋಗುತ್ತಿದ್ದೆ. ವಾಕಿಂಗಿಗೆ ಬಂದವರು ನಕ್ಕರೆ ಅವರ ಕೈಗೂ ಒಂದೊಂದು ಕಡುಬು ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಳು.

ಈ ಸಲ ಕಡುಬು ನಾನೇ ಮಾಡಿದೆ. ಒಂದೂ ಆಕಾರಕ್ಕೆ ಬರಲಿಲ್ಲ. ಚರಗ ಚೆಲ್ಲಲು ಹೋದರೆ ಹಿಂದೆ ನೀರು ಹಾಕುವವರಿಲ್ಲ. ನಾಲ್ಕು ಹೆಜ್ಜೆ ಚೆಲ್ಲುತ್ತ ಹೋಗುವುದು, ಬುಟ್ಟಿ ಇಳಿಸಿ ತಿರುಗಿ ಬಂದು ನೀರು ಹಾಕುವುದು. ಹೀಗೆ ಮಾಡಿ ಮುಗಿಸಿದೆ.

ಒಳ್ಳೆಯ ಸುದ್ದಿಯೂ ಇದೆ. ಪಾಲಿಕೆಯವರು ನಮ್ಮ ಗಾರ್ಡನ್ನಿಗೆ ಲಕ್ಷಗಟ್ಟಲೆ ಹಣ ತೆಗೆದಿಡುತ್ತಾರಂತೆ. ಹೊಸ ಕಂಪೌಂಡು, ದೀಪ, ಬೆಂಚು, ಮಕ್ಕಳಿಗೆ ಜೋಕಾಲಿ. ಹಣ ಹಾಕದಿದ್ದರೆ ಜಾಗ ಹಾಳು ಬೀಳುತ್ತದೆ, ಹಾಳು ಬಿದ್ದ ಜಾಗದ ಮೇಲೆ ಬಿಲ್ಡರುಗಳ ಕಣ್ಣು ಬೀಳುತ್ತದೆ ಎಂದು ಎಲ್ಲರೂ ಅನ್ನುತ್ತಾರೆ. ಹಣ ಬಂದರೆ ನನ್ನ ನೌಕರಿಯೂ ಪರ್ಮನೆಂಟ್ ಆದೀತು.

ಅವ್ವನ ಕಾರ್ಯ ಮುಗಿದ ಮರುದಿನ ವಾಶಿಗೆ ಹೋದವಳು ನೀನು ಮತ್ತೆ ಮನೆಗೆ ಬಂದಿಲ್ಲ. ನರ್ಸಿಂಗ್ ಶಾಲೆಯಲ್ಲಿ ರಜೆ ಕೊಡುವುದಿಲ್ಲ ಎಂದು ಪಕ್ಕದ ಬಾಲಮ್ಮನಿಗೆ ಹೇಳಿದ್ದೇನೆ. ಅವಳು ಕೇಳುವುದನ್ನು ಬಿಡುವುದಿಲ್ಲ. ಸಂಕ್ರಾಂತಿಗಾದರೂ ಬಾ.

ನಿನ್ನ ಅಪ್ಪ
ಮಾನಪ್ಪ


ವಾಶಿ
16 ಜನವರಿ 1995

ಅಪ್ಪಾ,

ಸಂಕ್ರಾಂತಿಗೆ ಬರಲಿಲ್ಲ. ರಜೆ ಇತ್ತು. ಬಾಲಮ್ಮ ಕಾಕುಗೆ ಇನ್ನು ಮೇಲೆ ಸುಳ್ಳು ಹೇಳಬೇಡ.

ನಿನ್ನ ಒಳ್ಳೆಯ ಸುದ್ದಿ ಓದಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅವ್ವ ಅನ್ನುತ್ತಿದ್ದಳಲ್ಲ, ಅದನ್ನು ಪಾಲಿಕೆಯ ಬೋರ್ಡಿನ ಮೇಲೆ ಬರೆಸಬೇಕು. ಗೋಡೆಯ ಆಚೆ ಗಾರ್ಡನ್ನು, ಈಚೆ ನಮ್ಮ ಜೋಪಡಿಗಳ ಬಸ್ತಿ. ಆಚೆ ಹುಲ್ಲಿಗೆ ದಿನಾ ಒಳ್ಳೆಯ ನೀರು. ಈಚೆ ಅಷ್ಟೂ ಮನೆಗೆ ಒಂದು ನಳ, ಅದರ ತೂತು ಬಿದ್ದ ಪೈಪು ಗಟಾರದೊಳಗೇ ಮಲಗಿದೆ. ಈಗ ಆಚೆಗೆ ಲಕ್ಷಗಟ್ಟಲೆ ಬರುತ್ತದೆ, ಈಚೆಗೆ ಏನು ಬರುತ್ತದೆ ಎಂದು ನೀನು ಯಾರನ್ನಾದರೂ ಕೇಳಿದೆಯಾ?

ಇಲ್ಲಿ ನನ್ನನ್ನು ಮೊದಲು ಹಾಕಿದ್ದು ಕಾಮಾಲೆಯವರ ವಾರ್ಡಿಗೆ. ರೋಗಿಯನ್ನು ಮೊದಲು ಕೇಳಬೇಕಾದ ಪ್ರಶ್ನೆ, ಕುಡಿಯುವ ನೀರು ಎಲ್ಲಿಯದು ಎಂದು ಸಿಸ್ಟರ್ ಕಲಿಸಿದರು. ಅದನ್ನು ಕೇಳುವಾಗಲೆಲ್ಲ ನೀನು ಕಣ್ಣ ಮುಂದೆ ಬರುತ್ತೀ. ದಿನಾ ಬೆಳಿಗ್ಗೆ ಪೈಪು ಹಿಡಿದು ಹುಲ್ಲು ತೋಯಿಸುತ್ತಿದ್ದವನು ಒಂದು ದಿನವೂ, ಒಂದೇ ಒಂದು ದಿನವೂ, ಒಂದು ಕೊಡ ನೀರನ್ನು ಮನೆಗೆ ತರಲಿಲ್ಲ. ಹುಲ್ಲಿಗೆ ಕಾಮಾಲೆ ಆಗಲಿಲ್ಲ, ಅವ್ವನಿಗೆ ಆಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಮಾತು ನಿನ್ನಂಥವರನ್ನು ನೋಡಿಯೇ ಹುಟ್ಟಿದ್ದು.

ನನಗೆ ಸಿಟ್ಟಿದೆ. ಅದು ಇಳಿದ ಮೇಲೆ ಬರುತ್ತೇನೆ. ಯಾವಾಗ ಇಳಿಯುತ್ತದೆ ಎಂದು ನನಗೂ ಗೊತ್ತಿಲ್ಲ.

ಸುಲೋಚನಾ


ಡೊಂಬಿವಲಿ
3 ಫೆಬ್ರವರಿ 1995

ಸುಲೋಚನಾಗೆ,

ನಿನ್ನ ಕಾಗದ ಎರಡು ಸಲ ಓದಿದೆ. ಮೂರನೆಯ ಸಲ ಓದಲು ಧೈರ್ಯ ಬರಲಿಲ್ಲ.

ಯಾಕೆ ತರಲಿಲ್ಲ ಎಂದು ಕೇಳಿದ್ದೀ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಮಾಳಿ ತನ್ನ ಭಾವನ ಮನೆಗೆ ನೀರು ಬಿಟ್ಟನೆಂದು ನಮ್ಮ ಮೇಲಿನ ಮುಕಾದಮ ಅವನನ್ನು ಅದೇ ದಿನ ಕೆಲಸದಿಂದ ಕಳಿಸಿದ. ಹೆದರಿಕೆ ಅದೊಂದೇ ಅಲ್ಲ. ಹೊಲ ಕಾಯುವವನು ತೆನೆ ಮುರಿಯಬಾರದು, ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗಬಾರದು ಎಂದು ನಮ್ಮಪ್ಪ ಕಲಿಸಿದ್ದ. ನಿನ್ನ ಅವ್ವನೂ ಹಾಗೆಯೇ ಅನ್ನುತ್ತಿದ್ದಳು. ಇಡೀ ಬಸ್ತಿ ಕುಡಿಯುವ ನೀರೇ ನಾವೂ ಕುಡಿಯುತ್ತೇವೆ, ನಮಗೇನು ಕೊಂಬಿದೆಯೇ ಎಂದುಕೊಂಡೆವು. ಈಗಿನ ಮಾತು ಬೇರೆ ಇದೆ. ಅದು ಕಾಗದದಲ್ಲಿ ಬರೆಯುವ ಮಾತಲ್ಲ, ಬಂದರೆ ಹೇಳುತ್ತೇನೆ.

ಪಾಲಿಕೆಯವರು ಗಾರ್ಡನ್ನಿನ ಖರ್ಚಿಗೆ ತಕರಾರು ಇದ್ದವರು ಅರ್ಜಿ ಕೊಡಿರಿ ಎಂದು ವಾರ್ಡ್ ಆಫೀಸಿನಲ್ಲಿ ನೋಟೀಸು ಹಚ್ಚಿದ್ದಾರೆ. ಸ್ಟೇಶನ್ ಹತ್ತಿರ ಹೋಟೆಲು ನಡೆಸುವ ಉಡುಪಿಯ ಯಜ್ಞೇಶ್ವರ ಭಟ್ಟರು, ದಿನಾ ವಾಕಿಂಗಿಗೆ ಬರುವವರು, ನನ್ನನ್ನು ಕರೆದರು. "ಸುತ್ತಮುತ್ತ ಹಸುರು ಅಂತ ಇರುದು ಇದೊಂದೇ ಮಾರಾಯ. ಇದೂ ಹೋದ್ರೆ ನಮ್ಮ ಮಕ್ಕಳಿಗೆ ಮಣ್ಣು ಅಂದ್ರೆ ಎಂಥದು ಅಂತ ಗೊತ್ತಾಗ್ಲಿಕ್ಕಿಲ್ಲ. ಗಾರ್ಡನ್ ಬೇಕು ಅಂತ ಬಸ್ತಿಯವರದ್ದೂ ಸಹಿ ಬೇಕು, ನೀನು ಮಾಡಿಸಿ ಕೊಡ್ತೀಯಾ?" ಎಂದರು. ಭಟ್ಟರು ಕೆಟ್ಟವರಲ್ಲ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಆದರೆ ನಿನಗೆ ಒಂದು ಮಾತು. ಮಧ್ಯಾಹ್ನ ನೀನು ಗಾರ್ಡನ್ನಿಗೆ ಬಂದು ನೋಡು. ಮನೆಗೆಲಸದ ಹೆಂಗಸರು ಎರಡು ಮನೆಯ ಕೆಲಸದ ನಡುವೆ ಬಂದು ಕಾಲು ಚಾಚುತ್ತಾರೆ. ಹಮಾಲರು ಬೇವಿನ ಕೆಳಗೆ ಮಲಗುತ್ತಾರೆ. ಹೋಟೆಲಿನಲ್ಲಿ ಕೂತರೆ ಚಹಾ ಕುಡಿಯಬೇಕು, ಸ್ಟೇಶನ್ನಿನಲ್ಲಿ ಕೂತರೆ ಟಿಕೀಟು ಇರಬೇಕು. ಈ ಊರಿನಲ್ಲಿ ಏನೂ ಕೊಳ್ಳದೆ ಕೂಡಬಹುದಾದ ಜಾಗ ಇದೊಂದೇ. ನೀನು ಮೆಟ್ರಿಕ್ ಪರೀಕ್ಷೆಗೆ ಓದಿದ್ದೂ ಅಲ್ಲಿಯ ದೀಪದ ಕೆಳಗೆ. ಗಾರ್ಡನ್ನೂ ಬೇಕು, ನಳವೂ ಬೇಕು ಎಂದು ಕೇಳಿದರೆ ಆಗುವುದಿಲ್ಲವೇ?

ನಿನ್ನ ಅಪ್ಪ
ಮಾನಪ್ಪ


ವಾಶಿ
24 ಫೆಬ್ರವರಿ 1995

ಅಪ್ಪಾ,

ಓದಿದ್ದು ನಿಜ. ಆ ದೀಪ ನಮ್ಮ ಗಲ್ಲಿಯಲ್ಲಿ ಇದ್ದಿದ್ದರೆ ಗಲ್ಲಿಯಲ್ಲೇ ಓದುತ್ತಿದ್ದೆ.

ಎರಡೂ ಬೇಕು ಎಂದು ಕೇಳಿದರೆ ಅವರು ಸುಲಭದ್ದನ್ನು ಮಾಡುತ್ತಾರೆ. ದೀಪ ಹಚ್ಚಿದರೆ, ಜೋಕಾಲಿ ತೂಗಿದರೆ ಫೋಟೋ ಬರುತ್ತದೆ. ನೆಲದೊಳಗಿನ ಪೈಪಿಗೆ ಯಾರು ರಿಬ್ಬನ್ ಕತ್ತರಿಸುತ್ತಾರೆ? ಸರಕಾರದ ಜೇಬು ಒಂದೇ, ಅಪ್ಪಾ. ಅದರಿಂದ ಮೊದಲು ಕುಡಿಯುವ ನೀರು ಬರಬೇಕು. ಆಮೇಲೆ ಉಳಿದರೆ ಹೂವು, ಹುಲ್ಲು ಏನಾದರೂ ಬರಲಿ.

ನಾನು ತಕರಾರು ಅರ್ಜಿ ಕೊಟ್ಟಿದ್ದೇನೆ. ಮರಾಠಿಯಲ್ಲಿ ನಾನೇ ಬರೆದೆ. ಬಾಲಮ್ಮ ಕಾಕುನ ಮಗ ಶಂಕ್ರೆಪ್ಪ ಇಲ್ಲಿಯ ಸಗಟು ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಇಳಿಸುತ್ತಾನಲ್ಲ, ಅವನ ಕೈಯಲ್ಲಿ ಕಳಿಸಿ ಬಸ್ತಿಯವರ ಸಹಿ, ಹೆಬ್ಬೆಟ್ಟು ಎಲ್ಲ ಹಾಕಿಸಿ ತರಿಸಿದೆ. ನೀನು ಭಟ್ಟರಿಗೆ ಹೂಂ ಅನ್ನುವ ಮೊದಲೇ ಬಸ್ತಿ ನನಗೆ ಹೂಂ ಅಂದಿದೆ. ಉದ್ಯಾನದ ನೀರಿನ ಒಂದು ಕೊಡವೂ ಇಂದಿನವರೆಗೆ ಬಸ್ತಿಗೆ ಬಂದಿಲ್ಲ, ಆ ಉದ್ಯಾನದ ಮಾಳಿಯ ಹೆಂಡತಿಯೇ ಬಸ್ತಿಯ ನೀರು ಕುಡಿದು ಸತ್ತಳು ಎಂದು ಅದರಲ್ಲಿ ಬರೆದಿದ್ದೇನೆ. ಮಾರ್ಚಿನಲ್ಲಿ ವಾರ್ಡ್ ಆಫೀಸಿನಲ್ಲಿ ವಿಚಾರಣೆ ಇದೆ. ನಾನು ಬಂದು ಮಾತಾಡುತ್ತೇನೆ.

ನೀನು ಬರಬೇಡ. ನಿನ್ನ ಮುಖ ನೋಡಿದರೆ ನನಗೆ ಮಾತು ತಪ್ಪುತ್ತದೆ.

ಸುಲೋಚನಾ


ಡೊಂಬಿವಲಿ
22 ಮಾರ್ಚ್ 1995

ಮಗಳೇ,

ಬರಬೇಡ ಎಂದು ನೀನು ಬರೆದಿದ್ದೆ. ಇಂಜಿನಿಯರ ಸಾಹೇಬರು ಮಾಳಿಯೂ ಹಾಜರಿರಬೇಕು ಎಂದು ಹೇಳಿ ಕಳಿಸಿದರು, ಆದ್ದರಿಂದ ಬಂದು ಹಿಂದಿನ ಬೆಂಚಿನಲ್ಲಿ ಕೂತೆ.

ನೀನು ಚೆನ್ನಾಗಿ ಮಾತಾಡಿದೆ. ಇಷ್ಟು ಮರಾಠಿ ಯಾವಾಗ ಕಲಿತೆ? ಭಟ್ಟರು ಎದ್ದು ಊರಿಗೆ ಹಸುರು ಬೇಕು ಎಂದು ಹೇಳಿದಾಗ, "ನಿಮ್ಮ ಹೋಟೆಲಿನ ಗ್ಲಾಸಿಗೆ ನಮ್ಮ ನಳದ ನೀರು ತುಂಬಿಸಿ ಗಿರಾಕಿಗೆ ಕೊಡುತ್ತೀರಾ" ಎಂದು ಕೇಳಿದೆಯಲ್ಲ, ಭಟ್ಟರು ಕೂತುಬಿಟ್ಟರು. ನಿನ್ನ ಅವ್ವ ಇದ್ದಿದ್ದರೆ ದೃಷ್ಟಿ ತೆಗೆಯುತ್ತಿದ್ದಳು.

ಆಮೇಲೆ ಸಾಹೇಬರು ನಿನ್ನ ಅರ್ಜಿ ಹಿಡಿದು ನನ್ನ ಕಡೆ ತಿರುಗಿದರು. "ಕಾಯ ಮಾಳಿ, ಹೆ ಖರಂ ಆಹೆ ಕಾ?" ಎಂದರು. ಒಂದು ಕೊಡವೂ ಬಸ್ತಿಗೆ ಹೋಗಿಲ್ಲ ಎನ್ನುವುದು ಖರೆಯೇ ಎಂದು. ನಾನು "ಹೋ ಸಾಹೇಬ, ಖರಂ ಆಹೆ" ಎಂದೆ. ಬಸ್ತಿಯಿಂದ ಬಂದ ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ನೀನು ಕಿಟಕಿ ನೋಡುತ್ತಿದ್ದೆ.

ನಿನಗೆಂದು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದೆ. ಮುಗಿದ ಕೂಡಲೇ ನೀನು ಮೆಟ್ಟಿಲಿಳಿದು ಹೋದೆ. ಸ್ಟೇಶನ್ನಿನ ತನಕ ಹಿಂದೆ ಬಂದೆ. ನೀನು ಲೋಕಲ್ ಹತ್ತಿದ್ದನ್ನು ನೋಡಿದೆ. ಅಲ್ಲೇ ಬೆಂಚಿನ ಮೇಲೆ ಕೂತು ಆ ರೊಟ್ಟಿ ನಾನೇ ತಿಂದೆ, ಎಸೆಯಬಾರದಲ್ಲ ಎಂದು.

ನೀನು ಸೊರಗಿದ್ದೀ. ಹೊತ್ತಿಗೆ ಸರಿಯಾಗಿ ಉಣ್ಣು.

ಅಪ್ಪ


ವಾಶಿ
19 ಜೂನ್ 1995

ಅಪ್ಪಾ,

ಮೂರು ತಿಂಗಳಿಂದ ನಿನ್ನ ಕಾಗದವಿಲ್ಲ. ನಾನೂ ಬರೆಯಲಿಲ್ಲ. ಗಾರ್ಡನ್ನಿನ ಹಣ ರದ್ದಾಯಿತು, ನಮ್ಮ ನಳಕ್ಕೆ ಮಂಜೂರಿ ಸಿಕ್ಕಿತು ಎಂದು ಶಂಕ್ರೆಪ್ಪ ಹೇಳಿದ ದಿನ ಹಾಸ್ಟೆಲಿನಲ್ಲಿ ಎಲ್ಲರಿಗೂ ಪೇಢೆ ಹಂಚಿದೆ. ಆ ಪೇಢೆ ಈಗ ನೆನಪಾದರೆ ಬಾಯಿ ಕಹಿಯಾಗುತ್ತದೆ.

ನಿನ್ನೆ ಶಂಕ್ರೆಪ್ಪನ ಹೆಂಡತಿಯನ್ನು ಹೆರಿಗೆಗೆ ನಮ್ಮ ಆಸ್ಪತ್ರೆಗೇ ಕರೆದುಕೊಂಡು ಬಂದರು. ಗಂಡು ಮಗು. ಬಾಲಮ್ಮ ಕಾಕು ಹೊರಗೆ ಕೂತಿದ್ದಳು. ನಿನ್ನ ಸುದ್ದಿ ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ನಿನಗ ಗೊತ್ತೇ ಇಲ್ಲೇನವ್ವಾ" ಎಂದಳು.

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಿಮ್ಮವ್ವ ಹೋಗಿ ದೀವಳಿಗಿ ಆದಾಗಿಂದ ನಿಮ್ಮಪ್ಪ ನಸುಕಿನ್ಯಾಗ ಎದ್ದು ಗಾರ್ಡನ್ ಪೈಪ ಗ್ವಾಡಿ ಕಿಂಡಿ ಕಡೆ ಬಿಡತಿದ್ದ ತಂಗಿ. ಮಂದಿ ವಾಕಿಂಗಿಗೆ ಬರೂದ್ರಾಗ ನಾವು ಮನಿಗೆ ಎರಡೆರಡು ಕೊಡ ತುಂಬಕೋತಿದ್ವಿ. ನಮ್ಮ ಮನ್ಯಾಗ ಆಮ್ಯಾಲ ಯಾರಿಗೂ ಕಾಮಣಿ ಆಗಲಿಲ್ಲ." ಮತ್ತೆ ನನ್ನ ಅರ್ಜಿಗೆ ಸಹಿ ಯಾಕೆ ಹಾಕಿದಿರಿ ಎಂದು ಕೇಳಿದೆ. "ನಿನಗ ಹೇಳಿದ್ರ ನೀ ಅರ್ಜಿ ಕೊಡತಿದ್ದಿಲ್ಲ. ಕೊಡದಿದ್ರ ನಳ ಬರತಿದ್ದಿಲ್ಲ. ಕದ್ದ ನೀರು ಎಷ್ಟ ದಿನ ಬಂದೀತು? ಹುಡುಗಿಗೆ ಹೇಳಬ್ಯಾಡ್ರಿ ಅಂತ ನಿಮ್ಮಪ್ಪನೇ ಕೈಮುಗದು ಹೇಳಿದ" ಎಂದಳು.

ಏಪ್ರಿಲಿನಲ್ಲಿ ಇಂಜಿನಿಯರು ನಳದ ಜಾಗ ಅಳೆಯಲು ಬಂದನಂತೆ. ಗೋಡೆಯ ಕಿಂಡಿ, ಅಲ್ಲಿಯ ಕೆಸರು, ಕೊಡ ಇಟ್ಟ ಗುರುತು ಎಲ್ಲ ಕಣ್ಣಿಗೆ ಬಿತ್ತಂತೆ. ವಿಚಾರಣೆಯಲ್ಲಿ ಸುಳ್ಳು ಹೇಳಿದ ಮಾಳಿ ಎಂದು ನಿನ್ನನ್ನು ಆ ದಿನವೇ ಕೆಲಸದಿಂದ ತೆಗೆದರಂತೆ.

ಫೆಬ್ರವರಿಯ ಕಾಗದದಲ್ಲಿ, ಈಗಿನ ಮಾತು ಬೇರೆ ಇದೆ, ಬಂದರೆ ಹೇಳುತ್ತೇನೆ ಎಂದು ನೀನು ಬರೆದಿದ್ದೆ. ನಾನು ಬರಲಿಲ್ಲ. ಆದರೂ ವಿಚಾರಣೆಯ ದಿನ, ಅಷ್ಟು ಜನರ ಮುಂದೆ, ಯಾಕೆ ಹೇಳಲಿಲ್ಲ ಅಪ್ಪಾ? ನಿನ್ನ ನೌಕರಿ ಹೇಗೂ ಹೋಗುತ್ತಿತ್ತು. ನಾನು ಬರೆದದ್ದು ಸುಳ್ಳು ಎಂದು ನನಗೆ ಆಗಲೇ ತಿಳಿಯುತ್ತಿತ್ತು.

ಸುಲೋಚನಾ


ಡೊಂಬಿವಲಿ
2 ಜುಲೈ 1995

ಸುಲೋಚನಾಗೆ,

ಬಾಲಮ್ಮನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಮೊಮ್ಮಗ ಬಂದ ಖುಷಿಯಲ್ಲಿ ಅವಳು ಆಡಿದ ಮಾತು, ಬಿಡು.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀ. ನಾಲ್ಕು ಜನರ ಮುಂದೆ ನನ್ನ ಮಗಳು ಸುಳ್ಳುಗಾರ್ತಿ ಆಗಬಾರದಿತ್ತು, ಅದು ಒಂದು. ನೀನು ಬರೆದದ್ದು ಸುಳ್ಳೂ ಅಲ್ಲ. ನಿನ್ನ ಅವ್ವ ಇರುವ ತನಕ ಅದು ಖರೆಯೇ ಆಗಿತ್ತು. ಇನ್ನೊಂದು, ಅವಳು ಹೋದ ಮೇಲೆ ನಾನು ನೀರು ಬಿಟ್ಟೆ ಎಂದು ಯಾವ ಬಾಯಿಂದ ಹೇಳಲಿ? ಅವ್ವ ಇದ್ದಾಗ ಆ ಬುದ್ಧಿ ಎಲ್ಲಿಗೆ ಹೋಗಿತ್ತು ಎಂದು ನೀನು ಕೇಳುತ್ತಿದ್ದೆ. ಅದನ್ನು ನಾನೇ ದಿನಾ ಕೇಳಿಕೊಳ್ಳುತ್ತೇನೆ.

ಈಗ ಯಜ್ಞೇಶ್ವರ ಭಟ್ಟರ ಹೋಟೆಲಿನಲ್ಲಿ ಇದ್ದೇನೆ. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು. ಬೆಳಿಗ್ಗೆ ಹೋದರೆ ರಾತ್ರಿ ಊಟ ಮುಗಿಸಿಯೇ ಬರುವುದು. ಅವರಾಗಿಯೇ ಕರೆದು ಕೊಟ್ಟ ಕೆಲಸ. "ನಿನ್ನ ಮಗಳು ನಮ್ಮ ಗಾರ್ಡನ್ ತೆಗೆದ್ಲು ಮಾರಾಯ. ಆದ್ರೆ ಅವಳು ಹೇಳಿದ್ರಲ್ಲಿ ತಪ್ಪು ಎಂಥ ಉಂಟು ಅಂತ ಹುಡುಕಿದ್ರೆ ನನಗೂ ಸಿಕ್ಕುದಿಲ್ಲ" ಎಂದರು.

ಗಾರ್ಡನ್ನಿನ ಗೇಟಿಗೆ ಬೀಗ ಬಿದ್ದಿದೆ. ಹೊಸ ಮಾಳಿ ಇಲ್ಲ. ಮಳೆಗಾಲವಾದ್ದರಿಂದ ಹುಲ್ಲು ಎದೆಮಟ ಬೆಳೆದಿದೆ, ಕತ್ತರಿಸುವವರಿಲ್ಲ. ಮಧ್ಯಾಹ್ನ ಅಲ್ಲಿ ಮಲಗುತ್ತಿದ್ದ ಹಮಾಲರು ಈಗ ರೈಲ್ವೆ ಸೇತುವೆಯ ಕೆಳಗೆ ಮಲಗುತ್ತಾರೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು, ನಾವಿಬ್ಬರು ಹಾಗೆ ಆದೆವು. ಯಾವುದು ಎತ್ತು, ಯಾವುದು ಕೋಣ ಎಂದು ನೀನೇ ಹೇಳು.

ಸಿಟ್ಟು ಇಳಿದಿದ್ದರೆ ಬಾ.

ಅಪ್ಪ


ಡೊಂಬಿವಲಿ
27 ಡಿಸೆಂಬರ್ 1995

ಮಗಳೇ,

ದೀಪಾವಳಿಗೂ ನೀನು ಬರಲಿಲ್ಲ, ಕಾಗದವೂ ಬರಲಿಲ್ಲ. ಶಂಕ್ರೆಪ್ಪನ ಕೈಯಲ್ಲಿ ಕಳಿಸಿದ ಸ್ವೆಟರು ಮುಟ್ಟಿದೆ. ತೋಳು ಉದ್ದವಾಗಿದೆ, ಮಡಚಿಕೊಂಡಿದ್ದೇನೆ.

ನೀರು ಬಂತು. ಹೋದ ತಿಂಗಳು ನಮ್ಮ ವಾರ್ಡಿನ ನಗರಸೇವಕ ಬಂದು ಕಾಯಿ ಒಡೆದ. ರಿಬ್ಬನ್ ಇರಲಿಲ್ಲ, ನೀನು ಹೇಳಿದ ಹಾಗೆ. ಹೆಂಗಸರು ನಳಕ್ಕೆ ಅರಿಷಿಣ ಕುಂಕುಮ ಹಚ್ಚಿ ನಿನ್ನ ಹೆಸರು ಹೇಳಿ ಸೆರಗು ಒಡ್ಡಿದರು. ನೀರು ತಿಳಿಯಾಗಿದೆ, ವಾಸನೆ ಇಲ್ಲ. ಬಾಲಮ್ಮನ ಮೊಮ್ಮಗ ದುಂಡಗಾಗಿದ್ದಾನೆ. ನಿನ್ನಿಂದ ಬಸ್ತಿಗೆ ಒಳ್ಳೆಯದಾಯಿತು, ಇದನ್ನು ನಾನು ಮನಸ್ಸು ಬಿಚ್ಚಿ ಬರೆಯುತ್ತಿದ್ದೇನೆ.

ನನಗೆ ಮಾತ್ರ ಆ ನೀರು ಗಂಟಲಿನಲ್ಲಿ ಇಳಿಯುವುದಿಲ್ಲ. ಲೋಟ ಎತ್ತಿದರೆ ನಿನ್ನ ಅವ್ವ ಕಡೆಯ ವಾರ ನೀರು ನೀರು ಅಂದದ್ದು ಕಿವಿಯಲ್ಲಿ ಬರುತ್ತದೆ. ಹೋಟೆಲಿನಲ್ಲಿ ಕುಡಿದು ಬರುತ್ತೇನೆ.

ನೀರು ಬರುವುದು ಸ್ವಲ್ಪ ಹೊತ್ತು. ಜಗಳ ಆಗಬಾರದೆಂದು ಬಸ್ತಿಯ ಪಂಚರು ರೇಶನ್ ಕಾರ್ಡಿನಲ್ಲಿ ಎಷ್ಟು ಹೆಸರೋ ಅಷ್ಟು ಕೊಡ ಎಂದು ನಿಯಮ ಮಾಡಿದರು. ನಮ್ಮ ಕಾರ್ಡಿನಲ್ಲಿ ಮೂರು ಹೆಸರು. ನಿನ್ನ ಅವ್ವನ ಹೆಸರು ಹೊಡೆಸಲು ನನಗೆ ಮನಸ್ಸಾಗಿರಲಿಲ್ಲ. ನನ್ನದು, ನಿನ್ನದು ಎರಡು ಕೊಡವನ್ನು, ಕೂಸಿರುವ ಮನೆ ಎಂದು, ಬಾಲಮ್ಮನಿಗೆ ಕೊಟ್ಟೆ. ನಿನ್ನ ಅವ್ವನ ಪಾಲಿನ ಕೊಡವನ್ನು ಅವಳ ಬನ್ನಿ ಗಿಡಕ್ಕೆ ಹಾಕುತ್ತ ಬಂದೆ.

ಬನ್ನಿಗೆ ನೀರು ಬೇಕಿಲ್ಲ ಎಂದು ನನಗೂ ಗೊತ್ತು, ಮಾಳಿಯಾಗಿದ್ದವನು. ಆದರೆ ನಿನ್ನ ನಳದ ಪೈಪಿನ ಕಂದಕ ಗಾರ್ಡನ್ನಿನ ಮೂಲೆಯಿಂದಲೇ ಬಂತು. ಬನ್ನಿಯ ಒಂದು ಕಡೆಯ ಬೇರೆಲ್ಲ ಕಡಿದರು. ಆಮೇಲೆ ಎಲೆ ಉದುರಲು ಶುರುವಾಯಿತು. ಗಾರ್ಡನ್ನಿನ ಸುತ್ತ ಈಗ ತಗಡು ಹೊಡೆದಿದ್ದಾರೆ. ಮಾರ್ಕೆಟ್ ಕಾಂಪ್ಲೆಕ್ಸ್ ಬರುತ್ತದಂತೆ. ಬೋರ್ಡಿನ ಚಿತ್ರದಲ್ಲಿ ಮಾತ್ರ ಮುಂದುಗಡೆ ಸಾಲು ಮರ ಬರೆದಿದ್ದಾರೆ. ಹಳೆಯ ಕಿಂಡಿಯಲ್ಲಿ ಕೈ ತೂರಿಸಿ ನೀರು ಹಾಕುತ್ತಿದ್ದೆ. ಹಿಂದೆ ಆ ಕಿಂಡಿಯಿಂದ ನೀರು ಈಚೆ ಬರುತ್ತಿತ್ತು.

ಹದಿನೈದು ದಿನ ಹಾಕಿದ್ದೆನೋ ಇಲ್ಲವೋ, ಹೆಂಗಸರು ತಕರಾರು ತೆಗೆದರು. "ಮಾನಪ್ಪಣ್ಣ, ಸತ್ತವರ ಪಾಲು ಗಿಡಕ್ಕ ಸುರೀತಿ. ಹತ್ತು ಮಂದಿ ಇರೂ ಮನ್ಯಾಗ ಕೂಸಿನ ಬಟ್ಟಿ ತೊಳ್ಯಾಕ ನೀರಿಲ್ಲ" ಎಂದರು. ಹಿಂದೆ ನೀನು ನನ್ನನ್ನು ಕೇಳಿದ್ದೂ ಇದನ್ನೇ. ಅವರದು ತಪ್ಪಿಲ್ಲ. ಪಂಚರು ನನ್ನೆದುರೇ ನೀಲಿ ಪೆನ್ನಿನಿಂದ ದಾನಮ್ಮನ ಹೆಸರಿನ ಮೇಲೆ ಗೆರೆ ಎಳೆದರು.

ಎಳ್ಳ ಅಮಾವಾಸ್ಯೆಯ ದಿನ ತಗಡಿನ ಹೊರಗೆ ನಿಂತು ಮೇಲಿನಿಂದ ಚರಗ ಚೆಲ್ಲಿದೆ. ಒಳಗೆ ಎಲ್ಲಿ ಬಿತ್ತೋ ಕಾಣಲಿಲ್ಲ. ಯಾರೋ ಕಲ್ಲು ಹೊಡೆಯುತ್ತಿದ್ದಾರೆ ಎಂದು ತಿಳಿದು ವಾಚಮನ್ ಕೂಗಾಡಿದ.

ಅಪ್ಪ


ವಾಶಿ
9 ಜನವರಿ 1996

ಅಪ್ಪಾ,

ಮೊದಲು ಸಿಟ್ಟಿನಿಂದ ಬರಲಿಲ್ಲ. ಜೂನಿನಿಂದ ನಾಚಿಕೆಯಿಂದ ಬರಲಿಲ್ಲ. ಸಿಟ್ಟು ಇಳಿಯುತ್ತದೆ ಅಪ್ಪಾ, ಇದು ಇಳಿಯುತ್ತಿಲ್ಲ.

ನಾನು ಹೇಳಿದ್ದರಲ್ಲಿ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬಾಲಮ್ಮ ಕಾಕುನ ಮೊಮ್ಮಗ ಆ ನೀರು ಕುಡಿಯುತ್ತಾನೆ, ಅವನಿಗೆ ಕಾಮಾಲೆ ಬರುವುದಿಲ್ಲ. ಅಷ್ಟು ಸಾಕು. ಆದರೆ ಹುಲ್ಲಿನ ಹಣ ಉಳಿದರೆ ನಮ್ಮ ನೀರಿಗೆ ಬರುತ್ತದೆ, ಲೆಕ್ಕ ಅಷ್ಟೇ ಎಂದುಕೊಂಡಿದ್ದೆ. ಬಡವರು ಬಡವರ ಕೈಯಿಂದಲೇ ಕಿತ್ತುಕೊಳ್ಳುವಂತೆ ಪಾಲಿಕೆಯವರು ಲೆಕ್ಕ ಬರೆದಿಡುತ್ತಾರೆ ಎಂದು ಆಗ ತಿಳಿಯಲಿಲ್ಲ. ಮಾರ್ಕೆಟ್ಟು ಕಟ್ಟುವಾಗ ಮಾತ್ರ ಹಣ ಎಲ್ಲಿಂದ ಬರುತ್ತದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ನಮ್ಮ ಹಾಸ್ಟೆಲಿನ ಮುಂದೆ ಚಾಪೆಯಗಲದ ಹುಲ್ಲಿದೆ. ಅಮಾವಾಸ್ಯೆಯ ದಿನ ಮೆಸ್ಸಿನ ಚಪಾತಿ ಮುರಿದು ಅಲ್ಲಿ ಹಾಕಿದೆ. ಹಿಂದೆ ನೀರು ಹಾಕಲು ಯಾರೂ ಇರಲಿಲ್ಲ. ಆಗ ನಿನ್ನ ಹೋದ ವರ್ಷದ ಕಾಗದ ನೆನಪಾಯಿತು.

ಅವ್ವನ ಹೆಸರು ಹೊಡೆದರೆ ಹೊಡೆಯಲಿ. ಕಾರ್ಡಿನಲ್ಲಿ ನನ್ನ ಹೆಸರು ಇದೆಯಲ್ಲ. ಬಾಲಮ್ಮ ಕಾಕುಗೆ ನಿನ್ನ ಪಾಲು ಕೊಡು. ನನ್ನ ಪಾಲಿನ ಕೊಡ ಬನ್ನಿಗೆ ಹಾಕು. ಯಾರಾದರೂ ಕೇಳಿದರೆ, ಈ ನಳ ತಂದವಳ ಪಾಲು, ಅವಳ ಇಷ್ಟ ಎಂದು ಹೇಳು.

ಸುಲೋಚನಾ


ಡೊಂಬಿವಲಿ
11 ಫೆಬ್ರವರಿ 1996

ಮಗಳೇ,

ನೀನು ಹೇಳಿದಂತೆ ದಿನಾ ಹಾಕಿದೆ. ಕೇಳಿದವರಿಗೆ ನೀನು ಹೇಳಿದ ಮಾತನ್ನೇ ಹೇಳಿದೆ. ಯಾರೂ ಎದುರಾಡಲಿಲ್ಲ. ಹೋದ ವಾರ ಒಂದು ಟೊಂಗೆಯಲ್ಲಿ ಎಳೆಯ ಚಿಗುರು ಕಂಡು, ನಿನಗೆ ಬರೆಯಬೇಕು ಎಂದುಕೊಂಡೆ. ಇನ್ನೆರಡು ದಿನ ನೋಡೋಣ ಎಂದು ತಡೆದೆ.

ಸೋಮವಾರ ಕೊಡ ಹೊತ್ತು ಹೋದರೆ ತಗಡು ಸರಿಸಿದ್ದರು. ಕಡಿಯಲು ಬಂದವರು ರಾಯಚೂರು ಕಡೆಯವರು. ಚಂದ್ರಾಮ ಎಂಬವನು ಬುಡದ ಐದು ಕಲ್ಲು ನೋಡಿ ಕೊಡಲಿ ಕೆಳಗಿಟ್ಟು ನಿಂತಿದ್ದ. "ಯಾರದ್ರೀ ಈ ಪಾಂಡವರು?" ಎಂದು ಕೇಳಿದ. ನಮ್ಮದು ಎಂದೆ. "ನಾ ಕಡೀದಿದ್ರ ಇನ್ನೊಬ್ಬ ಕಡೀತಾನ್ರೀ ಯಜಮಾನ್ರ, ನನ್ನ ಕೂಲಿ ಹೋಗ್ತದ" ಎಂದ. ಕಡಿ ಎಂದೆ. ಅವನು ಗಿಡಕ್ಕೆ ಕೈಮುಗಿದು, ಕಲ್ಲುಗಳನ್ನು ಎತ್ತಿ ನನ್ನ ಉಡಿಯಲ್ಲಿ ಹಾಕಿ, ಆಮೇಲೆ ಕೊಡಲಿ ಎತ್ತಿದ. ಬೇರು ಅರ್ಧ ಸತ್ತಿತ್ತು, ಹೆಚ್ಚು ಹೊತ್ತು ಹಿಡಿಯಲಿಲ್ಲ.

ಆ ಚಿಗುರಿನ ಎಲೆ ಸ್ವಲ್ಪ ಇದರೊಳಗೆ ಇಟ್ಟಿದ್ದೇನೆ. ದಸರೆಯಲ್ಲಿ ಬನ್ನಿ ಕೊಟ್ಟು, ಬಂಗಾರದಂಗ ಇರೋಣ ಎಂದು ಹಳೆಯ ಜಗಳ ಮರೆಯುತ್ತೇವಲ್ಲ. ದಸರೆ ದೂರ ಇದೆ, ಅಷ್ಟರಲ್ಲಿ ಎಲೆ ಒಣಗುತ್ತದೆ. ಅದಕ್ಕೆ ಈಗಲೇ ಕೊಟ್ಟೆ. ತೆಗೆದುಕೋ.

ಕೊಡ ತುಂಬಿದ ಹಾಗೆಯೇ ಇತ್ತು. ಹಾಕಲು ಗಿಡ ಇರಲಿಲ್ಲ, ರಸ್ತೆಗೆ ಸುರಿಯಲು ಮನಸ್ಸು ಬರಲಿಲ್ಲ. ಹೊತ್ತುಕೊಂಡು ತಿರುಗಿ ಮನೆಗೆ ಬಂದು, ನಿನ್ನ ಅವ್ವನ ತಾಮ್ರದ ತಂಬಿಗೆ ತೊಳೆದು, ಅದರಲ್ಲಿ ಸುರಿದುಕೊಂಡು ಕುಡಿದೆ. ಒಂದೇ ಸಲಕ್ಕೆ ಇಳಿಯಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಕುಡಿದು ತಂಬಿಗೆ ಮುಗಿಸಿದೆ. ನೀರು ಸಿಹಿಯಾಗಿದೆ ಮಗಳೇ. ಅವಳಿಗೆ ಸಿಗಬೇಕಿತ್ತು.

ಶಿವರಾತ್ರಿ ಬಂತು. ನಿನ್ನ ಪಾಲಿನ ಕೊಡ ದಿನಾ ತುಂಬಿ ಮುಚ್ಚಿ ಇಡುತ್ತಿದ್ದೇನೆ. ಒಬ್ಬನಿಗೆ ಅದು ಖರ್ಚಾಗುವುದಿಲ್ಲ.

ನಿನ್ನ ಅಪ್ಪ
ಮಾನಪ್ಪ